ಟಿವಿ ಕೆಳಗಿನ ಗುರುಗಳು

ಚೆನ್ನೈಯಲ್ಲಿ ಮನುಷ್ಯ ತನ್ನ ಬಗ್ಗೆ ಏನು ಬೇಕಾದರೂ ಹೇಳಿಕೊಳ್ಳಬಹುದು. ಜ್ಯೋತಿಷ್ಯ ಬರುತ್ತದೆ ಎನ್ನಬಹುದು, ಮಂತ್ರಿಯೊಬ್ಬರು ದೂರದ ನೆಂಟರು ಎನ್ನಬಹುದು. ಜನ ತಲೆಯಾಡಿಸಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಆದರೆ ನೃತ್ಯ ಬರುತ್ತದೆ ಎಂದು ಮಾತ್ರ ಅಲ್ಲಿ ಹೇಳಬಾರದು. ಹೇಳಿದರೆ ಗುರುಗಳು ಯಾರು, ರಂಗಪ್ರವೇಶ ಎಲ್ಲಾಯಿತು, ಈಗ ಯಾಕೆ ಬಿಟ್ಟಿರಿ ಎಂದು ಮೂರು ಕಡೆಯಿಂದ ವಿಚಾರಣೆ ಶುರುವಾಗುತ್ತದೆ. ಗಿಂಡಿ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ಇಟ್ಟುಕೊಂಡು ಅರ್ಧ ಆಯುಸ್ಸು ಅಲ್ಲಿಯೇ ಕಳೆದ ರಘುರಾಮರಿಗೆ ಇಷ್ಟು ಸಣ್ಣ ವಿಷಯ ಗೊತ್ತಿರಲಿಲ್ಲ ಎಂಬುದೇ ಆಶ್ಚರ್ಯ.

ಅವರು ಅದನ್ನು ಹೇಳಿದ್ದಾದರೂ ಎಂಥ ಹೊತ್ತಿನಲ್ಲಿ. ಮಗಳು ಪ್ರಣಮ್ಯಾ ತನ್ನ ಆಫೀಸಿನ ಅರವಿಂದನನ್ನೇ ಮದುವೆಯಾಗುತ್ತೇನೆ ಎಂದಿದ್ದಳು. ಹುಡುಗನ ತಂದೆ ತಾಯಿ ಮೊದಲ ಸಲ ಮನೆಗೆ ಬಂದು ಸೋಫಾದ ಮೇಲೆ ಕೂತಿದ್ದರು. ರಘುರಾಮರು ಕುಂದಾಪುರದ ಕಡೆಯವರು. ಬಂದವರು ನಾಲ್ಕು ತಲೆಮಾರಿನಿಂದ ಮದರಾಸಿನವರು. ಎರಡೂ ಮನೆಯವರು ಆಡುವುದು ಕನ್ನಡವೇ ಆದರೂ ಎರಡು ಕನ್ನಡಗಳಿಗೆ ಅದುವರೆಗೆ ಪರಸ್ಪರ ಪರಿಚಯ ಇರಲಿಲ್ಲ. ಹುಡುಗನ ತಂದೆ ಗುರುಚರಣರು ವಿಮಾ ಆಫೀಸಿನಿಂದ ನಿವೃತ್ತರಾದವರು. ತಾಯಿ ಜಯಲಕ್ಷ್ಮೀ ಎಳೆವಯಸ್ಸಿನಲ್ಲೇ ಗೆಜ್ಜೆ ಕಟ್ಟಿ, ಬಹಳ ಹುಡುಗಿಯರಿಗೆ ಕಲಿಸಿ, ಈಗ ತಮ್ಮ ಬಡಾವಣೆಯ ಸಂಗೀತ ನೃತ್ಯ ಸಭಾದ ಕಾರ್ಯದರ್ಶಿ. ಮದುವೆಗೆ ಹುಡುಗನ ತಂದೆ ಆಗಲೇ ಒಪ್ಪಿದ್ದರು. ತಾಯಿ ಮಾತ್ರ "ನೋಡಿ ಮಾತಾಡಿ ಆಮೇಲೆ ಹೇಳ್ತೀನಿ" ಎಂದಿದ್ದರಂತೆ.

"ನಮ್ಮ ಮನೇಲಿ ಎಲ್ಲಾರಿಗೂ ಒಂದೊಂದು ಕಲೆ," ಎಂದರು ಗುರುಚರಣರು. "ನಂದು ಮೃದಂಗ. ಅರವಿಂದಂದು ವಯಲಿನ್. ಇವಳದು ಕೇಳಲೇ ಬೇಡಿ. ಸುಮ್ಮ ಟೈಮ್‌ಪಾಸ್‌ಗಲ್ಲ, ಕ್ರಮವಾಗಿ ಕಲ್ತದ್ದು. ನಿಮ್ಮ ಮನೇಲಿ ಹೇಗೆ?"

ರಘುರಾಮರ ಮನೆಯಲ್ಲಿ ಆ ಕ್ಷಣದಲ್ಲಿ ನಡೆಯುತ್ತಿದ್ದ ಕಲೆ ಎಂದರೆ ಹೆಂಡತಿ ಚಂದ್ರಮತಿ ಅಡುಗೆಮನೆಯಲ್ಲಿ ಕರಿಯುತ್ತಿದ್ದ ಗೋಳಿಬಜೆ. ಪ್ರಣಮ್ಯಾ ಅರವಿಂದನಿಗೆ ಬಾಲ್ಕನಿಯಿಂದ ಮೆಟ್ರೋ ತೋರಿಸುತ್ತಿದ್ದಳು. ಸಹಾಯಕ್ಕೆ ಯಾರೂ ಇಲ್ಲ. ನಮ್ಮದು ಬರೀ ಸಾಂಬಾರು ಎಂದು ಹೇಳಲು ರಘುರಾಮರಿಗೆ ಯಾಕೋ ಮನಸ್ಸು ಬರಲಿಲ್ಲ.

"ನಾನೂ ಸ್ವಲ್ಪ ನೃತ್ಯ ಮಾಡ್ತಿದ್ದೆ," ಎಂದರು.

ಜಯಲಕ್ಷ್ಮೀ ಕಾಫಿ ಲೋಟವನ್ನು ಕೆಳಗಿಟ್ಟರು. "ಹಂಗಾ? ಎಷ್ಟು ವರ್ಷ?"

"ಒಂದು ಮೂರ್ನಾಲ್ಕು ವರ್ಷ. ದಿನಾ ಸಾಯಂಕಾಲ. ಮಗಳೂ ಒಟ್ಟಿಗೆ ಇರ್ತಿದ್ಳು."

"ಗುರುಗಳು ಯಾರು?"

ಇಲ್ಲಿ ರಘುರಾಮರಿಗೆ ಒಂದು ತಮಾಷೆ ಹೊಳೆಯಿತು. ಎಲ್ಲ ಹೇಳಿ ಕೊನೆಗೆ ನಿಜ ಒಡೆದರೆ ಬೀಗರಾಗುವವರು ನಕ್ಕಾರು, ಬಿಗುವು ಸಡಿಲವಾದೀತು ಎಂದು ಅವರ ಲೆಕ್ಕ. "ಗುರುಗಳು ಮಾತಾಡುವವರಲ್ಲ," ಎಂದರು. "ಎದುರಿಗೆ ಕೂತು ನೋಡ್ತಿದ್ರು, ಅಷ್ಟೇ. ಕೈ ಸ್ವಲ್ಪ ಕೆಳಗಾದ್ರೂ ಗೊತ್ತಾಗ್ತಿತ್ತು ಅವ್ರಿಗೆ."

"ಹಳೇ ಕಾಲದವರು ಹಂಗೇ," ಎಂದು ಜಯಲಕ್ಷ್ಮೀ ಗಂಡನ ಕಡೆ ನೋಡಿದರು.

"ಪಂಚೆ ಉಟ್ಟು ನಿಂತ್ರೆ ಅವ್ರಿಗೆ ಆಗ್ತಿರಲಿಲ್ಲ. ಕಾಲು ಕಾಣ್ಬೇಕು."

"ಕಾಣ್ಬೇಕಲ್ವಾ ಮತ್ತೆ. ಮಂಡಿ ಬಗ್ಗಿದೆಯಾ ಇಲ್ವಾ ಹೇಗೆ ಗೊತ್ತಾಗತ್ತೆ? ಈಗ ಎಲ್ಲಿದಾರೆ ಅವರು?"

"ಮೇಲಿದ್ದಾರೆ," ಎಂದರು ರಘುರಾಮರು. ಅವರ ಮನಸ್ಸಿನಲ್ಲಿದ್ದದ್ದು ಬೆಡ್‌ರೂಮಿನ ಅಟ್ಟ.

ಜಯಲಕ್ಷ್ಮೀ ಸೂರಿನ ಕಡೆ ನೋಡಿ ಕೈ ಮುಗಿದರು. ಅವರ ಕಣ್ಣು ಒದ್ದೆಯಾಯಿತು. ಅವರ ಸ್ವಂತ ಗುರುಗಳು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತಿರುವ ಹೆಂಗಸಿಗೆ, ಅದರಲ್ಲೂ ಮಗಳ ಅತ್ತೆಯಾಗಬೇಕಾದವರಿಗೆ, ನಾನು ಹೇಳಿದ್ದು ಟಿವಿ ಆಟದ ವಿಷಯ ಎಂದು ಹೇಗೆ ಹೇಳುವುದು? ರಘುರಾಮರು ಬಾಯಿ ತೆರೆದರು. ಅಷ್ಟರಲ್ಲಿ ಗೋಳಿಬಜೆ ಬಂತು.

ವಿಷಯ ನಿಜವಾಗಿ ಏನೆಂದರೆ, ಪ್ರಣಮ್ಯಾ ಇನ್ನೂ ಲಂಗ ತೊಡುವ ವಯಸ್ಸಿನಲ್ಲಿ ಮನೆಗೆ ಒಂದು ಆಟ ಬಂದಿತ್ತು. ಟಿವಿಯ ಕೆಳಗೆ ಒಂದು ಕಪ್ಪು ಪೆಟ್ಟಿಗೆ, ಅದರಲ್ಲಿ ಕಣ್ಣಿನಂಥ ಗಾಜುಗಳು. ಪರದೆಯ ಮೇಲೆ ಒಂದು ಬಣ್ಣದ ಆಕೃತಿ ಕುಣಿಯುತ್ತದೆ. ಎದುರು ನಿಂತವರು ಹಾಗೆಯೇ ಕುಣಿಯಬೇಕು. ಕೈಯಲ್ಲಿ ಏನೂ ಹಿಡಿಯುವುದಿಲ್ಲ. ಇಡೀ ಮೈಯನ್ನೇ ಪೆಟ್ಟಿಗೆ ನೋಡಿ ಅಂಕ ಕೊಡುತ್ತದೆ. ಒಬ್ಬರೇ ಆಡಬಹುದು, ಆದರೆ ಪೈಪೋಟಿಗೆ ಇಬ್ಬರು ಬೇಕು. ಚಂದ್ರಮತಿ ಖಡಾಖಂಡಿತವಾಗಿ ಆಗುವುದಿಲ್ಲ ಎಂದ ಮೇಲೆ ಮಗಳು ಅಪ್ಪನನ್ನು ಕೈ ಹಿಡಿದು ಎಳೆದು ನಿಲ್ಲಿಸಿದಳು.

ಮೊದಲ ದಿನ ರಘುರಾಮರು ಹೋಟೆಲಿನಿಂದ ಬಂದ ಪಂಚೆಯಲ್ಲೇ ನಿಂತರು. ಪೆಟ್ಟಿಗೆ ಅವರನ್ನು ಮನುಷ್ಯ ಎಂದು ಒಪ್ಪಲೇ ಇಲ್ಲ. ಪಕ್ಕದಲ್ಲಿ ಹ್ಯಾಂಗರಿಗೆ ಹಾಕಿ ಫ್ಯಾನಿನ ಗಾಳಿಗೆ ಒಣಗಲು ಬಿಟ್ಟಿದ್ದ ಚಂದ್ರಮತಿಯವರ ನೈಟಿಯನ್ನು ಎರಡನೆಯ ಆಟಗಾರ ಎಂದು ಗುರುತಿಸಿ, ಅದಕ್ಕೆ ಒಂದಿಷ್ಟು ಅಂಕವನ್ನೂ ಕೊಟ್ಟಿತು. ನೈಟಿಗಿಂತ ಹಿಂದೆ ಬಿದ್ದ ಅವಮಾನಕ್ಕೆ ರಘುರಾಮರು ಮರುದಿನವೇ ಒಂದು ಚಡ್ಡಿ ತಂದರು. ಆಮೇಲೆ ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಅವರು ಮನೆಗೆ ಬರುವುದಕ್ಕೂ ಮಗಳು ಶಾಲೆಯಿಂದ ಬರುವುದಕ್ಕೂ ಸರಿಹೋಗುತ್ತಿತ್ತು. ಅಪ್ಪ ಮಗಳು ಇಬ್ಬರೂ ಬೆವರಿಳಿಸಿ ಕುಣಿಯುತ್ತಿದ್ದರು. ಕೆಳಗಿನ ಮನೆಯ ಅನಸೂಯ ಟೀಚರು ತಮ್ಮ ಫ್ಯಾನು ಅಲುಗಾಡುತ್ತದೆ ಎಂದು ಜಗಳಕ್ಕೆ ಬಂದವರು, ಬಾಗಿಲಲ್ಲಿ ನಿಂತು ನೋಡಿ, ಸೆರಗು ಸಿಕ್ಕಿಸಿ ತಾವೂ ಒಂದು ಸರದಿ ಕೇಳಿದರು. ಮಗಳಿಗಿಂತ ಅಪ್ಪನಿಗೆ ಒಂದು ಅಂಕ ಹೆಚ್ಚು ಬಂದ ದಿನ ಹೋಟೆಲಿಗೆ ಬಂದವರಿಗೆಲ್ಲ ಕೇಳದೆಯೇ ಎರಡನೆಯ ಸಲ ಚಟ್ನಿ ಸಿಕ್ಕಿತ್ತು.

ಹೀಗೆ ಕೆಲವು ವರ್ಷ. ನಂತರ ಪ್ರಣಮ್ಯಾಗೆ ಟ್ಯೂಷನ್, ಪರೀಕ್ಷೆ, ಗೆಳತಿಯರು. ಒಂದು ಸಾಯಂಕಾಲ ರಘುರಾಮರು ಚಡ್ಡಿ ಹಾಕಿ, ಎಂದಿನಂತೆ ಇಬ್ಬರ ಆಟ ಹಚ್ಚಿ ನಿಂತರು. ಮಗಳ ಕೋಣೆಯ ಬಾಗಿಲು ತೆರೆಯಲಿಲ್ಲ. ಇನ್ನೊಬ್ಬ ಆಟಗಾರ ಬರಲಿ ಎಂದು ಪರದೆ ಸ್ವಲ್ಪ ಹೊತ್ತು ಕಾಯಿತು, ಇವರೂ ಕಾದರು. ಆ ತಿಂಗಳೇ ಪೆಟ್ಟಿಗೆ ಅಟ್ಟ ಸೇರಿತು.

ಇದಿಷ್ಟನ್ನೇ ಅವರು ಗುರುಚರಣರಿಗೆ ಹೇಳಬೇಕಾಗಿತ್ತು. ಆದರೆ ಹೇಳಲು ಅವಕಾಶ ಸಿಗುವ ಮೊದಲೇ ಅವರ ನಾಟ್ಯಕೀರ್ತಿ ಊರಿನ ಇನ್ನೊಂದು ತುದಿ ಮುಟ್ಟಿತು. ಜಯಲಕ್ಷ್ಮಿಯವರ ಅಣ್ಣ ಕಿಟ್ಟು ಎಂಬವರು ತಿರುವೊಟ್ಟಿಯೂರಿನಲ್ಲಿದ್ದರು. ಕುಟುಂಬದಲ್ಲಿ ಯಾವ ಸಂಬಂಧ ಕೂಡಬೇಕಾದರೂ ಒಮ್ಮೆ ಅವರು ಕಣ್ಣಾರೆ ನೋಡಿ ಬರುವುದು ಪದ್ಧತಿ. ಅವರು ಊರಿನ ಆ ತುದಿಯಿಂದ ಮೆಟ್ರೋ ಹತ್ತಿ ಗಿಂಡಿಗೆ ಬಂದು, ಗುರುತು ಹೇಳದೆ, ಹೋಟೆಲಿನ ಗಲ್ಲಾದ ಎದುರಿನ ಮೇಜಿನಲ್ಲಿ ಕೂತು ಕಾಫಿಯ ಮೇಲೆ ಕಾಫಿ ಕುಡಿದರು.

ಆ ದಿನ ಗಲ್ಲಾದ ಹತ್ತಿರ ನೊಣದ ಕಾಟ. ರಘುರಾಮರು ಒಂದು ಕೈಯಲ್ಲಿ ನೊಣ ಓಡಿಸುತ್ತ, ಇನ್ನೊಂದು ಕೈಯಲ್ಲಿ ಒಳಗಿನವರಿಗೆ ಎರಡು ಇಡ್ಲಿ, ಒಂದು ವಡೆ ಎಂದು ಸನ್ನೆ ಮಾಡುತ್ತ, ಹುಬ್ಬಿನಲ್ಲಿ ಗಿರಾಕಿಗೆ ಖಾಲಿ ಕುರ್ಚಿ ತೋರಿಸುತ್ತಿದ್ದರು. ಕಿಟ್ಟು ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದರು.

"ಜಯಾ, ನೀ ಹೇಳಿದ್ದು ಸತ್ಯ. ಕೈ ನೋಡ್ಬೇಕು ಕಣೆ. ವಡೆ ಕೇಳೋದ್ರಲ್ಲೂ ಒಂದು ಮುದ್ರೆ ಇದೆ. ಕಣ್ಣು ಒಂದು ಕಡೆ, ಕೈ ಒಂದು ಕಡೆ, ಆದ್ರೂ ತಪ್ಪೋದಿಲ್ಲ."

ಕಿಟ್ಟು ಕಂಡದ್ದನ್ನು ಕಿಟ್ಟು ಒಬ್ಬರೇ ಇಟ್ಟುಕೊಳ್ಳುವ ಜಾತಿಯಲ್ಲ. ಅದೇ ವಾರ ಹೋಟೆಲಿಗೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಅವರು ಬರುತ್ತಾರೆಂದು ರಘುರಾಮರು ನೀರಿನ ಟ್ಯಾಂಕು ತಾವೇ ನಿಂತು ತೊಳೆಸಿ, ಅದರ ಮುಚ್ಚಳಕ್ಕೆ ಹೊಸ ಬಣ್ಣ ಹೊಡೆಸಿದ್ದರು. ಇನ್ಸ್‌ಪೆಕ್ಟರು ಟ್ಯಾಂಕಿನ ಕಡೆ ತಿರುಗಿಯೂ ನೋಡದೆ ತಮಿಳಿನಲ್ಲಿ ಕೇಳಿದರು: "ಸಾರ್, ನೀವು ದೊಡ್ಡ ಕಲಾವಿದರಂತೆ. ನನ್ನ ಮಗಳ ಅರಂಗೇಟ್ರಂ ಹತ್ತಿರ ಬಂತು. ಅವಳಿಗೆ ಎಡಗಾಲು ಸ್ವಲ್ಪ ನಿಧಾನ. ಏನು ಮಾಡಬೇಕು?"

ರಘುರಾಮರು ಬಹಳ ಯೋಚಿಸಿ, "ಚಪ್ಪಲಿ ಬದಲಾಯಿಸಿ ನೋಡಿ," ಎಂದರು.

ಇನ್ಸ್‌ಪೆಕ್ಟರು ಅದರೊಳಗೆ ಏನೋ ಗೂಢಾರ್ಥ ಕಂಡು, ತಲೆಬಾಗಿ ಹೊರಟುಹೋದರು. ಬಣ್ಣ ಹೊಡೆಸಿದ ಮುಚ್ಚಳವನ್ನು ಯಾರೂ ನೋಡಲಿಲ್ಲವಲ್ಲ ಎಂದು ರಘುರಾಮರಿಗೆ ಅಂದು ಊಟ ಸೇರಲಿಲ್ಲ.

ನಿಜವಾದ ಕಷ್ಟ ಬಂದದ್ದು ಜಯಲಕ್ಷ್ಮಿಯವರ ಫೋನಿನಲ್ಲಿ. ಭಾನುವಾರ ಸಭಾದಲ್ಲಿ ನೃತ್ಯ ಮಾಡಬೇಕಾಗಿದ್ದ ಹುಡುಗಿ ಕಾಲು ಉಳುಕಿಸಿಕೊಂಡಿದ್ದಳು. "ನೀವು ಒಂದು ಐಟಂ ಮಾಡಿ, ಸಾಕು. ನಿಮ್ಮ ಗುರುಗಳ ನೆನಪಿಗೆ ಅಂತ ಇಟ್ಟುಕೊಳ್ಳೋಣ. ಅಂಥವರನ್ನ ಯಾರೂ ನೆನೆಸೋದೇ ಇಲ್ಲ ಈಗ."

"ನನ್ನ ಮಂಡಿ ಸ್ವಲ್ಪ..."

"ಪರವಾಗಿಲ್ಲ. ಕೂತೇ ಅಭಿನಯ ಮಾಡಿ."

"ನೋಡುವ," ಎಂದರು ರಘುರಾಮರು.

ಕರಾವಳಿಯಲ್ಲಿ ದೊಡ್ಡವರು 'ನೋಡುವ' ಎಂದರೆ ಆಗುವುದಿಲ್ಲ ಎಂದು ಅರ್ಥ. ಅಲ್ಲಿ ಸಾಲ ಕೇಳಿದವನಿಗೂ ಹೆಣ್ಣು ಕೇಳಿದವನಿಗೂ ಇದೇ ಉತ್ತರ, ಕೇಳಿದವನು ಸುಮ್ಮನೆ ಮನೆಗೆ ಹೋಗುತ್ತಾನೆ. ನಾಲ್ಕು ತಲೆಮಾರು ಮದರಾಸಿನಲ್ಲಿ ಕಳೆದ ಜಯಲಕ್ಷ್ಮಿಯವರಿಗೆ ಇದು ಹೇಗೆ ತಿಳಿಯಬೇಕು? "ರೊಂಬ ಸಂತೋಷ. ಇವರೇ ಮೃದಂಗ ನುಡಿಸ್ತಾರೆ," ಎಂದು ಫೋನ್ ಇಟ್ಟರು.

ಆ ಸಂಜೆ ಪ್ರಣಮ್ಯಾ ಬ್ಯಾಗು ಕೂಡ ಇಳಿಸದೆ ಅಪ್ಪನ ಎದುರು ನಿಂತಳು. "ಅಪ್ಪಾ, ಅರವಿಂದ್ ಒಂದು ಫೋಟೋ ಕೇಳ್ತಿದ್ದಾನೆ. ನಿಮ್ಮ ಗುರುವಿಂದು. ಸ್ಟೇಜಲ್ಲಿ ಇಟ್ಟು ಹಾರ ಹಾಕ್ಬೇಕಂತೆ. ಯಾರ್ ಪಾ ಅದು?"

ರಘುರಾಮರು ಅಟ್ಟದ ಕಡೆ ಬೆರಳು ತೋರಿಸಿದರು.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬ್ಯಾಗಿನ ಸಮೇತ ಕುರ್ಚಿಯಲ್ಲಿ ಕೂತಳು. ಚಂದ್ರಮತಿ ಒಳಗಿನಿಂದ ಬಂದು, "ಎಂತ ಮಾರಾಯ್ರೆ ನಿಮ್ಮ ಕತೆ? ಗೋಳಿಬಜೆ ಕರಿಲಿಕ್ಕೆ ಹೋದಷ್ಟು ಹೊತ್ತಿನಲ್ಲಿ ಒಬ್ಬ ಗುರುವನ್ನು ಹುಟ್ಟಿಸಿ, ಸಾಯಿಸಿ, ಶ್ರಾದ್ಧದವರೆಗೆ ತಂದ್ರಲ್ಲ," ಎಂದರು.

"ನಾನು ಸುಳ್ಳು ಹೇಳ್ಲಿಲ್ಲ. ಮೇಲಿದ್ದಾರೆ ಅಂದೆ, ಅಷ್ಟೇ."

"ಅವರಮ್ಮ ಅತ್ರಂತೆ ಪಾ," ಎಂದಳು ಪ್ರಣಮ್ಯಾ. ಅವಳ ದನಿ ಮೆತ್ತಗಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು ಎಂದು ರಘುರಾಮರಿಗೆ ಅನ್ನಿಸಿತು. "ಈಗ ನಿಜ ಗೊತ್ತಾದ್ರೆ ನಾವೆಲ್ಲ ಸೇರಿ ಅವರನ್ನ ಆಡಿಕೊಂಡ್ವಿ ಅಂತ ತಾನೆ ಅಂದ್ಕೋತಾರೆ? ನೀವೇ ಹೇಳಿ ಅಪ್ಪಾ. ನಾನು ಹೇಳಲ್ಲ."

ರಘುರಾಮರು ಹೇಳಲು ಹೊರಟರು, ಇಲ್ಲವೆಂದಲ್ಲ. ಗುರುಚರಣರಿಗೆ ಫೋನ್ ಮಾಡಿ, "ರಾಯರೆ, ನನಗೆ ನಿಜವಾಗಿ ನೃತ್ಯ ಬರೂದಿಲ್ಲ," ಎಂದರು. "ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಹಂಗೇ ಹೇಳೋದು," ಎಂದರು ಗುರುಚರಣರು. "ಗುರುಗಳು ಅಂದ್ರೆ ಅದೊಂದು ಪೆಟ್ಟಿಗೆ," ಎಂದರು ಇವರು. ಆ ಕಡೆಯಿಂದ ದೀರ್ಘ ನಿಟ್ಟುಸಿರು ಬಂತು. "ವಿದ್ಯೆಯ ಪೆಟ್ಟಿಗೆ. ಚೆನ್ನಾಗಿ ಹೇಳಿದ್ರಿ. ನಾನು ಭಾಷಣದಲ್ಲಿ ಇದನ್ನೇ ಹಾಕ್ತೀನಿ."

ಇನ್ನು ಉಳಿದದ್ದು ಒಂದೇ ದಾರಿ, ಭಾನುವಾರ ಕುಣಿದೇ ಬಿಡುವುದು. ಅಟ್ಟದಿಂದ ಪೆಟ್ಟಿಗೆ ಇಳಿಯಿತು. ಅದರ ಕರೆಂಟಿನ ವಯರು ಇಲಿ ಕಡಿದು ಹಾಳಾಗಿತ್ತು. ರಘುರಾಮರು ಪ್ಯಾರೀಸ್ ಕಾರ್ನರಿಗೆ ಹೋಗಿ ಹಳೆಯ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳನ್ನು ಅಲೆದರು. ಕೊನೆಗೊಬ್ಬ ಅಂಗಡಿಯವನು ತುಂಡು ವಯರನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, "ಇದು ಸತ್ತು ಬಹಳ ಕಾಲವಾಯಿತು ಸಾರ್," ಎಂದ. ರಘುರಾಮರಿಗೆ ಒಂದು ಕ್ಷಣ ತಾವು ಹೇಳಿದ್ದೆಲ್ಲ ನಿಜವಾಯಿತಲ್ಲ ಎಂದು ಸಮಾಧಾನವೂ ಆಯಿತು. ಆದರೂ ಅವನು ಹುಡುಕಿ ಒಂದು ವಯರು ಕೊಟ್ಟ.

ಪೆಟ್ಟಿಗೆ ಹೊತ್ತಿಕೊಂಡಿತು. ಪ್ಯಾಂಟು ತೊಟ್ಟು ನಿಂತರೆ ಗುರುತಿಸಿತು, ಹಳೆಯ ಹಾಡು ಹಾಕಿತು. ಕೈಕಾಲು ಮರೆತಿರಲಿಲ್ಲ. ಆಕೃತಿ ಕೈ ಎತ್ತಿದರೆ ಕೈ ಎದ್ದಿತು, ಅದು ತಿರುಗಿದರೆ ಇವರೂ ತಿರುಗಿದರು, ತಿರುಗಿ ನಿಲ್ಲಲು ಸ್ವಲ್ಪ ತಡವಾಯಿತು ಅಷ್ಟೇ. ಕೆಳಗಿನಿಂದ ಅನಸೂಯ ಟೀಚರು ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದು, "ಫ್ಯಾನು ಅಲುಗಾಡ್ತು. ಮತ್ತೆ ಶುರುವಾಯ್ತಾ ಅಂತ ನೋಡಕ್ಕೆ ಬಂದೆ," ಎಂದು ಕುರ್ಚಿ ಎಳೆದುಕೊಂಡು ಕೂತರು. ಪ್ರಣಮ್ಯಾ ಕೋಣೆಯ ಬಾಗಿಲಲ್ಲಿ ಒಂದು ನಿಮಿಷ ನಿಂತಿದ್ದು ಒಳಗೆ ಹೋದಳು.

ಭಾನುವಾರ ಸಭಾಂಗಣ ತುಂಬಿತ್ತು. ಫೋಟೋ ಸಿಗದ ಕಾರಣ ವೇದಿಕೆಯ ಬದಿಯಲ್ಲಿ ಒಂದು ಖಾಲಿ ಕುರ್ಚಿ ಇಟ್ಟು, ಅದಕ್ಕೆ ರೇಷ್ಮೆ ಹೊದಿಸಿ, ಮಲ್ಲಿಗೆಯ ಹಾರ ಹಾಕಿ, ಎದುರಿಗೆ ದೀಪ ಹಚ್ಚಿದ್ದರು. ಮುಂದಿನ ಸಾಲಿನಲ್ಲಿ ಕಿಟ್ಟು, ಅವರ ಪಕ್ಕ ಇನ್ಸ್‌ಪೆಕ್ಟರು, ಆಚೆ ಅವರ ಮಗಳು ಹೊಸ ಚಪ್ಪಲಿಯಲ್ಲಿ. ಗುರುಚರಣರು ವಿದ್ಯೆಯ ಪೆಟ್ಟಿಗೆಯ ಬಗ್ಗೆ ಮಾತಾಡಿ ಮುಗಿಸಿ ಮೃದಂಗದ ಹಿಂದೆ ಕೂತರು.

ರಘುರಾಮರು ಮೈಕಿನ ಹತ್ತಿರ ಬಂದರು. ಕುಣಿಯಲೆಂದೇ ಬಂದವರಿಗೆ ಆ ಹಾರ ಹಾಕಿದ ಕುರ್ಚಿ ನೋಡಿ ಕಾಲು ಏಳಲಿಲ್ಲ.

"ಆ ಕುರ್ಚಿಯಲ್ಲಿ ಕೂತುಕೊಳ್ಳಬೇಕಾದವರು ಯಾರೂ ಇಲ್ಲ," ಎಂದರು. ಜನ ಮರುಕದಿಂದ ತಲೆಯಾಡಿಸಿದರು. "ಹಾಗಲ್ಲ. ಯಾವತ್ತೂ ಇರಲಿಲ್ಲ. ನನಗೆ ಕಲಿಸಿದ್ದು ಟಿವಿ ಕೆಳಗೆ ಇಡುವ ಒಂದು ಆಟದ ಪೆಟ್ಟಿಗೆ. ಮಕ್ಕಳ ಆಟ. ನಾನೂ ಮಗಳೂ ಅದರೆದುರು ಕುಣೀತಿದ್ದೆವು. ಮೇಲಿದ್ದಾರೆ ಅಂದದ್ದು ಅಟ್ಟದ ಮೇಲೆ ಅಂತ. ತಮಾಷೆಗೆ ಹೇಳಿದೆ. ಜಯಲಕ್ಷ್ಮಿಯಮ್ಮನವರಿಗೆ ಬೇಸರ ಆಯ್ತು, ಅದು ನನ್ನ ತಪ್ಪು. ನಾನು ಹೀಗೆ ಹೇಳಿದ್ದು ನನ್ನ ಮಗಳಿಗೆ ಗೊತ್ತಿರಲಿಲ್ಲ."

"ಎಂಥಾ ವಿನಯ," ಎಂದರು ಕಿಟ್ಟು. ಅಕ್ಕಪಕ್ಕದವರು ಅವರ ತೋಳು ಮುಟ್ಟಿ ಸುಮ್ಮನಿರಿಸಿದರು. ಸುದ್ದಿ ಹಿಂದಿನ ಸಾಲುಗಳಿಗೆ ತಮಿಳಿನಲ್ಲಿ ಹೋಗಿ ತಲುಪುವವರೆಗೆ ಸಭಾಂಗಣದಲ್ಲಿ ಗುಸುಗುಸು ಇತ್ತು. ಚಂದ್ರಮತಿ ತಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

ಜಯಲಕ್ಷ್ಮೀ ಎದ್ದು ನಿಂತರು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. "ಮೂರ್ನಾಲ್ಕು ವರ್ಷ ದಿನಾ ಮಾಡ್ತಿದ್ದೆ ಅಂದ್ರಲ್ಲ. ಅದು ನಿಜ ತಾನೆ?"

"ಅದು ನಿಜ."

"ಹಾಗಾದ್ರೆ ಮಾಡಿ ತೋರ್ಸಿ. ನಾನು ನೋಡ್ಬೇಕು."

ಗುರುಚರಣರು ಏನು ನುಡಿಸುವುದೆಂದು ತಿಳಿಯದೆ ಒಂದು ಸಾದಾ ಪೆಟ್ಟು ಹಾಕಿದರು. ರಘುರಾಮರು ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಆಗಲೇ ಅವರಿಗೆ ಗೊತ್ತಾದದ್ದು, ತಮಗೆ ಒಂದೇ ಒಂದು ಹೆಜ್ಜೆಯೂ ನೆನಪಿಲ್ಲ ಎಂದು. ಇಷ್ಟು ವರ್ಷ ಅವರು ಮಾಡಿದ್ದೆಲ್ಲ ಎದುರಿಗೆ ಕಂಡದ್ದನ್ನು ನೋಡಿ ಮಾಡಿದ್ದು. ಎದುರಿಗೆ ಆಕೃತಿ ಇಲ್ಲದಿದ್ದರೆ ಅವರ ಕಾಲಿಗೆ ಎಡ ಯಾವುದು ಬಲ ಯಾವುದು ಎಂದೂ ಹೊಳೆಯುವುದಿಲ್ಲ.

"ಎದುರಿಗೆ ಯಾರಾದ್ರೂ ಮಾಡಿದ್ರೆ ಮಾತ್ರ ನಂಗೆ ಬರೂದು," ಎಂದರು, ಕೈ ಇಳಿಸದೆ.

ಯಾರೋ ನಕ್ಕರು. ನಗು ಹರಡುವಷ್ಟರಲ್ಲಿ ನಾಲ್ಕನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಪ್ರಣಮ್ಯಾ ಅರವಿಂದನ ಕೈಗೆ ಫೋನು ಕೊಟ್ಟು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು, ನಡುವಿನ ದಾರಿಯಲ್ಲಿ ನಡೆದು ಬಂದು ವೇದಿಕೆಯ ಕೆಳಗೆ ಜನರಿಗೆ ಬೆನ್ನು ಹಾಕಿ ನಿಂತಳು. ಅಪ್ಪನ ಮುಖ ನೋಡಿದಳು.

"ಪಾರುಂಗೋ ಪಾ," ಎಂದಳು. ನೋಡಿ ಅಪ್ಪಾ, ಎಂದು.

ಅವಳು ಬಲಗೈ ಎತ್ತಿದಳು. ಇವರು ಎಡಗೈ ಎತ್ತಿದರು. ಅವಳು ಕಿಟಕಿ ಒರೆಸುವ ಹಾಗೆ ಕೈ ಆಡಿಸಿದಳು, ಇವರೂ ಒರೆಸಿದರು. ಭುಜ ಕುಣಿಯಿತು, ಸೊಂಟ ಒಂದು ಕಡೆ ಹೋಗಿ ಬಂತು, ಚಪ್ಪಾಳೆ, ಒಂದು ಸುತ್ತು. ಸುತ್ತಿನಲ್ಲಿ ರಘುರಾಮರು ಕುರ್ಚಿಯ ಹಾರಕ್ಕೆ ಕೈ ತಗಲಿಸಿ, ಹಾರದ ತುದಿ ಹಿಡಿದುಕೊಂಡೇ ವಾಪಸು ಬಂದರು. ಗುರುಚರಣರಿಗೆ ಅಷ್ಟರಲ್ಲಿ ಲಯ ಸಿಕ್ಕಿತ್ತು. ಅವರು ಕಣ್ಣು ಮುಚ್ಚಿ ಬಾರಿಸತೊಡಗಿದರು. ಕಿಟ್ಟು ತೊಡೆಯ ಮೇಲೆ ತಾಳ ಹಾಕುತ್ತ, ಇದು ಯಾವ ತಾಳ ಎಂದು ಇನ್ಸ್‌ಪೆಕ್ಟರನ್ನು ಕೇಳಿದರು. ಜನರಿಗೆ ಕಂಡದ್ದು ಮಗಳ ಬೆನ್ನು ಮತ್ತು ಅಪ್ಪನ ಮುಖ. ಮಗಳ ಮುಖ ಹೇಗಿತ್ತು ಎಂಬುದು ರಘುರಾಮರಿಗೊಬ್ಬರಿಗೇ ಗೊತ್ತು. ಅವರು ಅದರಿಂದ ಕಣ್ಣು ತೆಗೆಯಲಿಲ್ಲ, ಹಾಗಾಗಿ ಹೆಜ್ಜೆಯೂ ತಪ್ಪಲಿಲ್ಲ.

ಮುಗಿದ ಮೇಲೆ ಚಪ್ಪಾಳೆ ಬಿತ್ತು. ಅದು ದೊಡ್ಡದಾಗಿತ್ತು ಎಂದು ಚಂದ್ರಮತಿ ಇಂದಿಗೂ ಹೇಳುತ್ತಾರೆ. ಜಯಲಕ್ಷ್ಮೀ ವೇದಿಕೆಯ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ರಘುರಾಮರು ಏದುಸಿರು ಬಿಡುತ್ತ, ಕೈಯಲ್ಲಿ ಮಲ್ಲಿಗೆಯ ಹಾರ ಹಿಡಿದು ಅವರ ಎದುರು ನಿಂತರು.

"ಇದು ನೃತ್ಯ ಅಲ್ಲ," ಎಂದರು ಜಯಲಕ್ಷ್ಮೀ.

"ಅಲ್ಲ," ಎಂದು ಒಪ್ಪಿಕೊಂಡರು ರಘುರಾಮರು.

"ಲಯ ಇದೆ. ಭಂಗಿ ಒಂದೂ ಸರಿಯಿಲ್ಲ." ಹಾರವನ್ನು ಅವರ ಕೈಯಿಂದ ತೆಗೆದುಕೊಂಡರು. "ನಂಗೆ ಕೋಪ ಬಂದಿದೆ. ಇನ್ನೂ ಕೆಲವು ದಿನ ಇರತ್ತೆ. ಆ ಪೆಟ್ಟಿಗೆ ಈಗಲೂ ನಡೀತಾ ಇದೆಯಾ?"

ಮುಂದಿನ ವಾರ ಅವರು ಗಂಡ, ಮಗ, ಅಣ್ಣನ ಸಮೇತ ಗಿಂಡಿಗೆ ಬಂದರು. ಚೂಡಿದಾರ ತೊಟ್ಟು ಬಂದಿದ್ದರು. ಕೋಪ ಇದ್ದದ್ದರಿಂದ ಯಾರ ಜೊತೆಯೂ ಹೆಚ್ಚು ಮಾತಾಡದೆ, ಕಾಫಿಯನ್ನೂ ಮುಟ್ಟದೆ, ಪೆಟ್ಟಿಗೆಯ ಎದುರು ನಿಂತರು. ಎಳೆವಯಸ್ಸಿನಿಂದ ಕಲಿತ ಶುದ್ಧವಾದ ಭಂಗಿಯಲ್ಲಿ, ಬೆರಳ ತುದಿಯವರೆಗೂ ಲೋಪವಿಲ್ಲದೆ ಇಡೀ ಹಾಡು ಮಾಡಿದರು. ನೋಡುತ್ತಿದ್ದ ಅನಸೂಯ ಟೀಚರು ಉಸಿರು ಹಿಡಿದಿದ್ದರು. ಪೆಟ್ಟಿಗೆ ಬಹಳ ಕಡಿಮೆ ಅಂಕ ಕೊಟ್ಟಿತು. ಅವರ ನಂತರ, ಹೇಗಿದೆ ನೋಡೋಣ ಎಂದು ನಿಂತ ಕಿಟ್ಟು ಅವರಿಗಿಂತ ಹೆಚ್ಚು ತೆಗೆದರು.

"ಇದಕ್ಕೇನು ಗೊತ್ತು?" ಎಂದರು ಜಯಲಕ್ಷ್ಮೀ. "ನನ್ನ ಮಂಡಿ ಎಷ್ಟು ಬಗ್ಗಿತ್ತು ಅಂತ ನೋಡಿದೆಯಾ ಇದು? ಇನ್ನೊಂದು ಸಲ ಹಾಕಿ."

ಇನ್ನೊಂದು ಸಲ ಹಾಕಿದರು. ಅದರ ನಂತರ ಇನ್ನೊಂದು ಸಲ. ಗುರುಚರಣರು ಮುಹೂರ್ತದ ಮಾತೆತ್ತಲು ಪಂಚಾಂಗ ಹಿಡಿದು ಎರಡು ಸಲ ಗಂಟಲು ಸರಿಮಾಡಿಕೊಂಡರು, ಯಾರೂ ತಿರುಗಲಿಲ್ಲ. ಪ್ರಣಮ್ಯಾ ಅತ್ತೆಯಾಗಬೇಕಾದವರ ಪಕ್ಕ ನಿಂತು, ಭುಜ ಹೀಗೆ ಬಿಡಬೇಕು, ಗಟ್ಟಿ ಹಿಡಿಯಬಾರದು ಎಂದು ತೋರಿಸಿಕೊಡುತ್ತಿದ್ದಳು. ರಘುರಾಮರು ಹತ್ತಿರದಿಂದ ನೋಡಬೇಕೆಂದು ಇನ್ನೂ ಒಂದು ಹೆಜ್ಜೆ ಮುಂದೆ ಬಂದರು.

ಜಯಲಕ್ಷ್ಮೀ ಪರದೆಯಿಂದ ಕಣ್ಣು ತೆಗೆಯದೆ ಕೈ ಬೀಸಿದರು.

"ಬೀಗರೆ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ. ಅದು ನಿಮ್ಮನ್ನೇ ಎಣಿಸ್ತಾ ಇದೆ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅಷ್ಟು ದಿನದಲ್ಲಿ ಅವರ ಬಾಯಿಂದ ಬೀಗರು ಎಂಬ ಮಾತು ಬಂದದ್ದು ಅದೇ ಮೊದಲು. ಇನ್ನು ಅವಸರವಿಲ್ಲ ಎಂಬಂತೆ ಗುರುಚರಣರು ಪಂಚಾಂಗ ಮಡಚಿ ಜೇಬಿಗೆ ಹಾಕಿಕೊಂಡರು. ರಘುರಾಮರು ಗೋಡೆಗೆ ಬೆನ್ನು ಒತ್ತಿ, ಆದಷ್ಟು ತೆಳ್ಳಗಾಗಿ ನಿಂತರು.